ಬಲ ಕುಂದಿರುವುದು ಎಲ್ಲಿ? ಸ್ನಾಯುಗಳ ಪರೀಕ್ಷೆಯಲ್ಲಿ ಅಲ್ಟ್ರಾಸೌಂಡ್ ಮತ್ತು ಇತರ ಸಂವೇದಕಗಳು

ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಊಟ ಮುಗಿಸಿದ ಹಿರಿಯರು ಮೇಲೇಳುವ ರೀತಿಯನ್ನು ನಾವೆಲ್ಲರೂ ಕಂಡಿದ್ದೇವೆ. ಒಬ್ಬರು ಕೈಯನ್ನು ನೆಲಕ್ಕೆ ಊರುತ್ತಾರೆ. ಮತ್ತೊಬ್ಬರು ಮೊದಲು ಮಂಡಿಯೂರಿ, ಅನಂತರ ಗೋಡೆಯನ್ನು ಹಿಡಿಯುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿರುವ ಮೊಮ್ಮಗನತ್ತ ಕೈ ಚಾಚುತ್ತಾರೆ. ಕೇಳಿದರೆ ಎಲ್ಲರಿಂದಲೂ ಬರುವ ಉತ್ತರ ಒಂದೇ: "ವಯಸ್ಸಾಯಿತಲ್ಲ, ಕಾಲಿನಲ್ಲಿ ಬಲವಿಲ್ಲ." ಮನೆಯವರೂ ಅದನ್ನೇ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಆದರೆ "ಬಲವಿಲ್ಲ" ಎಂಬುದು "ಜ್ವರವಿದೆ" ಎಂಬಂತೆ ಒಂದು ಲಕ್ಷಣದ ಹೆಸರು. ಜ್ವರ ಬಂದಾಗ ಕಾರಣವನ್ನು ಹುಡುಕುವ ನಾವು, ಬಲ ಕುಂದಿದಾಗ ವಯಸ್ಸಿನ ಮೇಲೆ ಹೊರೆ ಹೊರಿಸಿ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತೇವೆ. ಬಲ ಎಲ್ಲಿ ಕುಂದಿದೆ ಎಂಬುದನ್ನು ಅರಿಯುವ ಸಾಧನಗಳು ಇಂದು ವೈದ್ಯವಿಜ್ಞಾನದ ಕೈಯಲ್ಲಿವೆ. ಅವುಗಳಲ್ಲಿ ಯಾವುದೊಂದೂ ತಾನೊಂದೇ ಪೂರ್ಣ ಉತ್ತರವನ್ನು ಹೇಳಲಾರದು, ಒಟ್ಟಾಗಿ ಬಳಸಿದಾಗ ಮಾತ್ರ ಹೇಳಬಲ್ಲವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಬಾವಿಯಿಂದ ನೀರು ಸೇದುವ ದೃಶ್ಯವನ್ನು ನೆನೆಯೋಣ. ಮನೆಯೊಳಗಿನಿಂದ "ನೀರು ಬೇಕು" ಎಂಬ ಕೂಗು ಬರುತ್ತದೆ. ಸೇದುವವನ ತೋಳುಗಳು ಹಗ್ಗವನ್ನು ಎಳೆಯುತ್ತವೆ, ಹಗ್ಗ ರಾಟೆಯ ಮೇಲೆ ಹಾಯ್ದು ಕೊಡವನ್ನು ಮೇಲೆತ್ತುತ್ತದೆ. ನಮ್ಮ ದೇಹದಲ್ಲಿ ನಡೆಯುವುದೂ ಇದೇ ಕ್ರಮ. ಮಿದುಳಿನ ಆಜ್ಞೆ ಬೆನ್ನುಹುರಿಯ ಮೂಲಕ ನರಗಳಲ್ಲಿ ಹರಿದು ಸ್ನಾಯುವನ್ನು ತಲುಪುತ್ತದೆ. ಸ್ನಾಯುವಿನ ಎಳೆಗಳು ವಿದ್ಯುತ್ ಸಂಕೇತದಿಂದ ಎಚ್ಚೆತ್ತು ಸಂಕುಚಿಸುತ್ತವೆ. ಆ ಸೆಳೆತವನ್ನು ಸ್ನಾಯುರಜ್ಜುವೆಂಬ ಗಟ್ಟಿಯಾದ ಹುರಿ ಮೂಳೆಗೆ ಮುಟ್ಟಿಸುತ್ತದೆ, ಕೀಲು ತಿರುಗುತ್ತದೆ, ಕಾಲು ಏಳುತ್ತದೆ. ಕೊಡ ಮೇಲೆ ಬರಲಿಲ್ಲವೆಂದಾಗ ಒಳಗಿನಿಂದ ಕೂಗೇ ಬರಲಿಲ್ಲವೋ, ತೋಳಿನಲ್ಲಿ ಕಸುವಿಲ್ಲವೋ, ಹಗ್ಗ ಹಿಗ್ಗಿದೆಯೋ, ರಾಟೆ ಬಿಗಿದಿದೆಯೋ ಎಂಬುದು ದೂರದಿಂದ ಕೊಡವನ್ನಷ್ಟೇ ನೋಡುವವನಿಗೆ ತಿಳಿಯದು. ಮಾನವ ದೇಹದಲ್ಲಿ ಆರುನೂರಕ್ಕೂ ಹೆಚ್ಚು ಅಸ್ಥಿಸ್ನಾಯುಗಳಿವೆ. ದೇಹದ ತೂಕದಲ್ಲಿ ಸುಮಾರು ಶೇ. 40ರಷ್ಟು ಅವುಗಳದೇ. ಪ್ರತಿಯೊಂದರ ಹಿಂದೆಯೂ ಈ ಸರಪಳಿಯಿದೆ.

ಕೊಡವನ್ನು ನೋಡುವ ವಿಧಾನ ಎಲ್ಲಕ್ಕಿಂತ ಹಳೆಯದು. ವೈದ್ಯರು ರೋಗಿಯ ಕೈಯನ್ನೋ ಕಾಲನ್ನೋ ಹಿಡಿದು "ಒತ್ತಿರಿ, ಎಳೆಯಿರಿ" ಎಂದು ಹೇಳಿ, 0ಯಿಂದ 5ರವರೆಗೆ ಅಂಕ ಕೊಡುವುದುಂಟು. ಇದು ಸರಳ, ಖರ್ಚಿಲ್ಲದ್ದು, ಇಂದಿಗೂ ಉಪಯುಕ್ತ. ಆದರೆ ಹೊಲದಲ್ಲಿ ದುಡಿದು ಗಟ್ಟಿಯಾದ ವ್ಯಕ್ತಿ ತನ್ನ ಬಲದ ಒಂದು ದೊಡ್ಡ ಪಾಲನ್ನು ಕಳೆದುಕೊಂಡಿದ್ದರೂ ಈ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆಯಬಹುದು. ಆದ್ದರಿಂದ ಬಲವನ್ನು ಕಿಲೋಗಳಲ್ಲಿ ತೋರಿಸುವ ಬಲಮಾಪಕಗಳು ಬಂದವು. ಅಂಗೈಯಲ್ಲಿ ಹಿಡಿದು ಅದುಮುವ ಬಲಮಾಪಕವನ್ನು ಕೆಲವು ಓದುಗರು ಆಸ್ಪತ್ರೆಗಳಲ್ಲಿ ಕಂಡಿರಬಹುದು. ಎಷ್ಟು ಬಲವಿದೆ ಎಂಬುದನ್ನು ಅದು ನಿಖರವಾಗಿ ಹೇಳುತ್ತದೆ, ಕಡಿಮೆಯಾದದ್ದು ಏಕೆಂಬುದನ್ನು ಹೇಳುವುದಿಲ್ಲ.

ಕೂಗನ್ನು ಆಲಿಸುವುದು ಎರಡನೆಯ ಸಾಧನದ ಕೆಲಸ. ಸ್ನಾಯುವಿಗೂ ವಿದ್ಯುತ್ತಿಗೂ ಸಂಬಂಧವುಂಟೆಂಬುದನ್ನು ಇಟಲಿಯ ಬೊಲೋನ್ಯಾ ನಗರದ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲುಗಳ ಮೇಲೆ ಪ್ರಯೋಗ ನಡೆಸಿ 1791ರಲ್ಲಿ ಪ್ರಕಟಿಸಿದನು. ಇಂದು ಚರ್ಮದ ಮೇಲೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಕೆಳಗಿನ ಸ್ನಾಯುವಿನಲ್ಲಿ ಹರಿಯುವ ಅತಿ ಸೂಕ್ಷ್ಮವಾದ ವಿದ್ಯುತ್ ಏರಿಳಿತವನ್ನು ದಾಖಲಿಸಬಹುದು. ವೈದ್ಯರು ಇದನ್ನು ಇ.ಎಂ.ಜಿ. ಎಂದು ಕರೆಯುತ್ತಾರೆ. ನರರೋಗ ತಜ್ಞರು ತೆಳುವಾದ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸಿ ಮಾಡುವ ಇ.ಎಂ.ಜಿ. ಬೇರೆ ಬಗೆಯದು. ನರದ ಕಾಯಿಲೆಯೋ ಸ್ನಾಯುವಿನ ಕಾಯಿಲೆಯೋ ಎಂಬುದನ್ನು ಬೇರ್ಪಡಿಸಲು ಅದನ್ನು ಬಳಸುತ್ತಾರೆ. ಚರ್ಮದ ಮೇಲಿನಿಂದ ಆಲಿಸುವುದು ಸಂತೆಯ ಗೋಡೆಯಾಚೆ ನಿಂತು ಗದ್ದಲ ಕೇಳಿದಂತೆ. ಒಳಗೆ ಚಟುವಟಿಕೆ ಹೆಚ್ಚಿದೆಯೋ ಕಡಿಮೆಯಿದೆಯೋ ತಿಳಿಯುತ್ತದೆ, ಎಷ್ಟು ವ್ಯಾಪಾರವಾಯಿತೆಂಬುದು ತಿಳಿಯದು. ಚರ್ಮದಡಿಯ ಕೊಬ್ಬಿನ ಪದರ ದಪ್ಪವಾಗಿದ್ದರೆ ಗೋಡೆಯೂ ದಪ್ಪವಾದಂತೆ, ಸಂಕೇತ ಮಸುಕಾಗುತ್ತದೆ. ಪಕ್ಕದ ಸ್ನಾಯುವಿನ ಸಂಕೇತವೂ ಬೆರೆತು ಕೇಳಿಸುವುದುಂಟು.

ಇನ್ನು ತೋಳನ್ನೂ ಹಗ್ಗವನ್ನೂ ಕಣ್ಣಾರೆ ನೋಡುವ ಸಾಧನವೇ ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಧ್ವನಿ. ಗರ್ಭಿಣಿಯರ ಸ್ಕ್ಯಾನಿಂಗ್‌ನಿಂದಾಗಿ ಹೆಸರು ಎಲ್ಲರಿಗೂ ಪರಿಚಿತ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲದು. ಸ್ನಾಯುಗಳನ್ನು ನೋಡಲು ಬಳಸುವ ಧ್ವನಿ ಸೆಕೆಂಡಿಗೆ 50 ಲಕ್ಷದಿಂದ ಒಂದೂವರೆ ಕೋಟಿ ಬಾರಿ ಕಂಪಿಸುತ್ತದೆ. ಚರ್ಮದ ಮೇಲೆ ಜೆಲ್ ಹಚ್ಚಿ ಇಟ್ಟ ಶೋಧಕದಿಂದ ಹೊರಟ ಧ್ವನಿ ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಒಂದು ಪದರ ಮುಗಿದು ಮತ್ತೊಂದು ಆರಂಭವಾಗುವ ಕಡೆಯಲ್ಲೆಲ್ಲ ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲದಿಂದ ಆಳವನ್ನೂ, ಪ್ರತಿಧ್ವನಿಯ ಬಲದಿಂದ ಬಿಳುಪನ್ನೂ ಲೆಕ್ಕಹಾಕಿ ಯಂತ್ರವು ಚಿತ್ರ ಮೂಡಿಸುತ್ತದೆ. ಎಕ್ಸ್‌ರೇಯ ವಿಕಿರಣ ಇಲ್ಲಿಲ್ಲ. ನೋವೂ ಇಲ್ಲ.

ಆರೋಗ್ಯವಂತ ಸ್ನಾಯುವನ್ನು ಅಡ್ಡಲಾಗಿ ನೋಡಿದರೆ ಕಪ್ಪು ಕಂಬಳಿಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಉದ್ದಕ್ಕೆ ನೋಡಿದರೆ ತೆಂಗಿನ ಗರಿಯ ಎಲೆಗಳು ನಡುದಿಂಡಿಗೆ ಓರೆಯಾಗಿ ಅಂಟಿಕೊಂಡಂತೆ, ಸ್ನಾಯುವಿನ ಎಳೆಗಳ ಕಟ್ಟುಗಳು ಓರೆಯಾಗಿ ಸಾಲುಗೊಂಡಿರುತ್ತವೆ. ಮೂಳೆ ಹೊಳೆಯುವ ಬಿಳಿಯ ಗೆರೆ, ಅದರ ಹಿಂದೆ ಕಡುಕಪ್ಪು ನೆರಳು. ಈ ಚಿತ್ರದಿಂದ ಸ್ನಾಯುವಿನ ದಪ್ಪ, ಅಡ್ಡಕೊಯ್ತದ ವಿಸ್ತಾರ, ಎಳೆಗಳ ಉದ್ದ, ಅವುಗಳ ಓರೆಯ ಕೋನ ಇವೆಲ್ಲವನ್ನೂ ಅಳೆಯಬಹುದು. ಹೆಚ್ಚಿನ ಮಾತೆಂದರೆ, ರೋಗಿ ಕಾಲನ್ನು ಆಡಿಸುತ್ತಿರುವಾಗಲೇ ಎಳೆಗಳು ಗಿಡ್ಡವಾಗುವುದನ್ನೂ ಕೋನ ಹೆಚ್ಚುವುದನ್ನೂ ಪರದೆಯ ಮೇಲೆ ನೋಡಬಹುದು.

ದಪ್ಪನೆಯ ಸ್ನಾಯುವೆಂದರೆ ಬಲವಾದ ಸ್ನಾಯುವೇ? ಜಪಾನಿನ ಮಿಚಿಯೋ ಇಕಾಯ್ ಮತ್ತು ತೆತ್ಸುವೋ ಫುಕುನಾಗ ಅವರು 1968ರಲ್ಲಿ ಅಲ್ಟ್ರಾಸೌಂಡ್‌ನಿಂದ ಮೇಲ್ತೋಳಿನ ಸ್ನಾಯುವಿನ ವಿಸ್ತಾರವನ್ನೂ ಅದರ ಬಲವನ್ನೂ ಜೊತೆಯಾಗಿ ಅಳೆದು, ಒಂದು ಚದರ ಸೆಂಟಿಮೀಟರ್ ಸ್ನಾಯು ಸರಾಸರಿ 6.3 ಕಿಲೋ ಬಲವನ್ನು ಕೊಡುವುದೆಂದು ತೋರಿಸಿದರು. ಗಾತ್ರಕ್ಕೂ ಬಲಕ್ಕೂ ನಂಟಿದೆ ಎಂಬುದು ಹೀಗೆ ಸ್ಪಷ್ಟವಾಯಿತು. ಆದರೆ ಅವರ ಅಳತೆಯಲ್ಲಿಯೂ ವ್ಯಕ್ತಿಯಿಂದ ವ್ಯಕ್ತಿಗೆ ಸಾಕಷ್ಟು ವ್ಯತ್ಯಾಸವಿತ್ತು. ಗಾತ್ರ ಹೇಗೆ ಮೋಸ ಮಾಡಬಲ್ಲದೆಂಬುದಕ್ಕೆ ಡ್ಯುಶೆನ್ ಸ್ನಾಯುಕ್ಷಯವೆಂಬ ಬಾಲ್ಯದ ಕಾಯಿಲೆಗಿಂತ ಮಿಗಿಲಾದ ನಿದರ್ಶನವಿಲ್ಲ. ಈ ಕಾಯಿಲೆಯ ಗಂಡುಮಕ್ಕಳ ಮೀನಖಂಡಗಳು ಪೈಲ್ವಾನರ ಕಾಲಿನಂತೆ ತುಂಬಿಕೊಂಡಿರುತ್ತವೆ, ಮಗು ಮಾತ್ರ ಮೆಟ್ಟಿಲು ಹತ್ತಲಾರದು. ಒಳಗೆ ಸ್ನಾಯುವಿನ ಜಾಗದಲ್ಲಿ ಕೊಬ್ಬೂ ನಾರೂ ತುಂಬಿಕೊಂಡಿರುವುದೇ ಕಾರಣ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ವಿಕ್ಟರ್ ಡುಬೊವಿಟ್ಜ್ ಮತ್ತು ಅವರ ಸಹೋದ್ಯೋಗಿಗಳು ಇಂತಹ ಸ್ನಾಯುಗಳು ಅಲ್ಟ್ರಾಸೌಂಡ್‌ನಲ್ಲಿ ಬೆಳ್ಳಗೆ ಕಾಣುತ್ತವೆಂದು 1980ರಲ್ಲಿ ವರದಿ ಮಾಡಿದರು. ಕೊಬ್ಬು ಮತ್ತು ನಾರಿನ ಅಸಂಖ್ಯ ಅಂಚುಗಳಿಂದ ಧ್ವನಿ ಚದುರಿ ಹಿಂದಿರುಗುವುದರಿಂದ ಹೀಗಾಗುತ್ತದೆ. ಅಂದಿನಿಂದ ಸ್ನಾಯುವಿನ ದಪ್ಪದಷ್ಟೇ ಅದರ ಬಿಳುಪೂ ಮುಖ್ಯವಾದ ಅಳತೆಯಾಯಿತು. ವೃದ್ಧಾಪ್ಯದಲ್ಲಿಯೂ ಸ್ನಾಯು ಕ್ರಮೇಣ ಬೆಳ್ಳಗಾಗುತ್ತದೆ.

ಹಾಸಿಗೆಯ ಪಕ್ಕಕ್ಕೇ ಯಂತ್ರವನ್ನು ಒಯ್ಯಬಹುದೆಂಬುದು ಅಲ್ಟ್ರಾಸೌಂಡ್‌ನ ಮತ್ತೊಂದು ಗುಣ. ಇಂಗ್ಲೆಂಡಿನಲ್ಲಿ ತೀವ್ರನಿಗಾ ಘಟಕದ 63 ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಹೀಗೆ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತೇ ದಿನಗಳಲ್ಲಿ ಆ ಸ್ನಾಯು ಸರಾಸರಿ ಶೇ. 18ರಷ್ಟು ಕರಗಿದ್ದು ಕಂಡುಬಂದಿತು. ಗಂಭೀರ ಕಾಯಿಲೆಯಿಂದ ಬದುಕಿ ಮನೆಗೆ ಬಂದವರು ತಿಂಗಳುಗಟ್ಟಲೆ ಏಕೆ ನಡೆಯಲಾರರು ಎಂದು ಬೇಸರಪಡುವ ಬಂಧುಗಳು ಈ ಅಂಕಿಯನ್ನು ಗಮನಿಸಬೇಕು. ಅದು ಸೋಮಾರಿತನವಲ್ಲ.

ಈಗ ಸಾಧನಗಳನ್ನು ಒಟ್ಟುಗೂಡಿಸೋಣ. ರೋಗಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣಕಾಲಿಗೆ ಬಲಮಾಪಕದ ಪಟ್ಟಿಯನ್ನು ಕಟ್ಟುತ್ತಾರೆ. ತೊಡೆಯ ಮೇಲೆ ಇ.ಎಂ.ಜಿ. ಬಿಲ್ಲೆಗಳು, ಅವುಗಳ ಪಕ್ಕದಲ್ಲಿ ಪಟ್ಟಿಯಿಂದ ಬಿಗಿದ ಅಲ್ಟ್ರಾಸೌಂಡ್ ಶೋಧಕ, ಮೊಣಕಾಲಿನ ಬಳಿ ಕೋನಮಾಪಕ. "ಕಾಲನ್ನು ಮುಂದಕ್ಕೆ ಒದೆಯಿರಿ" ಎಂದಾಗ ನಾಲ್ಕೂ ಸಾಧನಗಳು ಒಂದೇ ಗಡಿಯಾರಕ್ಕೆ ಹೊಂದಿಕೊಂಡು ದಾಖಲಿಸುತ್ತವೆ. ಈ ಗಡಿಯಾರದ ಹೊಂದಾಣಿಕೆಯೇ ಇಡೀ ವಿಧಾನದ ಜೀವಾಳ. ವಿದ್ಯುತ್ ಸಂಕೇತ ಮೊದಲು, ಎಳೆಗಳ ಚಲನೆ ಅನಂತರ, ಬಲ ಕೊನೆಗೆ, ಇವುಗಳ ನಡುವಿನ ಅಂತರ ಸೆಕೆಂಡಿನ ಸಾವಿರದ ಲೆಕ್ಕದಲ್ಲಿರುತ್ತದೆ. ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯಬಲ್ಲ ಅಲ್ಟ್ರಾಸೌಂಡ್ ಬಳಸಿ ಫ್ರಾನ್ಸಿನ ಸಂಶೋಧಕರು 2009ರಲ್ಲಿ ಮೀನಖಂಡದಲ್ಲಿ ಈ ವಿಳಂಬವನ್ನು ಬಿಡಿಸಿ ನೋಡಿದರು. ಸುಮಾರು ಅರ್ಧ ಭಾಗ ಸ್ನಾಯು ಎಚ್ಚೆತ್ತು ಅಲುಗಲು ಹಿಡಿಯುವ ಕಾಲ, ಉಳಿದರ್ಧ ಸಡಿಲವಿದ್ದ ಹುರಿ ಬಿಗಿಗೊಳ್ಳಲು ಹಿಡಿಯುವ ಕಾಲ. ಹಗ್ಗ ಬಿಗಿಯಾಗುವವರೆಗೆ ಕೊಡ ಅಲುಗದಷ್ಟೆ.

ಇದಕ್ಕೆ ಮತ್ತೊಂದು ಯುಕ್ತಿಯನ್ನು ಸೇರಿಸುವುದುಂಟು. ರೋಗಿ ತನ್ನ ಪೂರ್ಣ ಶಕ್ತಿಯಿಂದ ಒದೆಯುತ್ತಿರುವಾಗ ನರಕ್ಕೆ ಒಂದು ಕ್ಷಣ ವಿದ್ಯುತ್ ಪ್ರಚೋದನೆ ಕೊಟ್ಟರೆ ಏನಾಗುತ್ತದೆ? ಬಲ ಹೆಚ್ಚದಿದ್ದರೆ ಮಿದುಳು ಸ್ನಾಯುವನ್ನು ಪೂರ್ತಿಯಾಗಿ ಬಳಸುತ್ತಿದೆ ಎಂದರ್ಥ. ಹಠಾತ್ತನೆ ಬಲ ಏರಿದರೆ ಸ್ನಾಯುವಿನಲ್ಲಿ ಕಸುವು ಉಳಿದಿತ್ತು, ಆಜ್ಞೆ ಸಾಲದಾಗಿತ್ತು ಎಂದರ್ಥ. ಇಂಗ್ಲೆಂಡಿನ ಪಿ. ಎ. ಮರ್ಟನ್ 1954ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಇಬ್ಬರು ತಾಯಂದಿರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಅರವತ್ತೈದು ದಾಟಿದೆ, ಇಬ್ಬರಿಗೂ ಮೆಟ್ಟಿಲು ಹತ್ತುವುದು ಕಷ್ಟ, ಬಲಮಾಪಕದಲ್ಲಿ ಇಬ್ಬರ ಬಲವೂ ಸಮಸಮ ಕಡಿಮೆ. ಮೊದಲನೆಯವರಿಗೆ ಮೊಣಕಾಲು ಊದಿಕೊಂಡಿದೆ. ಅವರ ತೊಡೆಯ ಸ್ನಾಯು ಅಲ್ಟ್ರಾಸೌಂಡ್‌ನಲ್ಲಿ ದಪ್ಪವಾಗಿ, ಕಪ್ಪಾಗಿ, ಚೆನ್ನಾಗಿಯೇ ಇದೆ. ಆದರೆ ವಿದ್ಯುತ್ ಸಂಕೇತ ಕ್ಷೀಣ, ಪ್ರಚೋದನೆ ಕೊಟ್ಟರೆ ಬಲ ಏರುತ್ತದೆ. ಊದಿದ, ನೋಯುವ ಕೀಲು ಬೆನ್ನುಹುರಿಗೆ ಕಳುಹಿಸುವ ಸಂದೇಶಗಳಿಂದ ಸ್ನಾಯುವಿನ ಮೇಲೆ ಕಡಿವಾಣ ಬಿದ್ದಿದೆ. ಇದು ಅವರ ಇಚ್ಛೆಗೆ ಮೀರಿದ್ದು. ಇಂತಹವರಿಗೆ ಮೊದಲು ಬಾವು ಇಳಿಸಬೇಕು, ಸ್ನಾಯುವನ್ನು ಮತ್ತೆ ಎಚ್ಚರಿಸುವ ವ್ಯಾಯಾಮವನ್ನೋ ವಿದ್ಯುತ್ ಪ್ರಚೋದನೆಯನ್ನೋ ಕೊಡಬೇಕು. ಎರಡನೆಯವರ ಸ್ನಾಯು ತೆಳ್ಳಗೆ, ಬೆಳ್ಳಗೆ ಇದೆ. ವಿದ್ಯುತ್ ಸಂಕೇತವೇನೋ ಜೋರಾಗಿದೆ, ಪ್ರಚೋದನೆಯಿಂದ ಹೆಚ್ಚಿನ ಬಲ ಹೊರಡದು. ಆಜ್ಞೆ ಗಟ್ಟಿಯಾಗಿಯೇ ಬರುತ್ತಿದೆ, ದುಡಿಯುವ ತೋಳೇ ಸೊರಗಿದೆ. ಇವರಿಗೆ ಬೇಕಾದುದು ಭಾರ ಎತ್ತುವ ಕ್ರಮಬದ್ಧ ವ್ಯಾಯಾಮ, ಸಾಕಷ್ಟು ಪ್ರೋಟೀನ್ ಇರುವ ಆಹಾರ, ಜೊತೆಗೆ ಮಧುಮೇಹ, ಥೈರಾಯ್ಡ್ ಮುಂತಾದ ಕಾರಣಗಳ ತಪಾಸಣೆ. ಬಲಮಾಪಕವೊಂದನ್ನೇ ನಂಬಿದ್ದರೆ ಇಬ್ಬರಿಗೂ ಒಂದೇ ಚೀಟಿ ಬರೆದುಕೊಡಲಾಗುತ್ತಿತ್ತು. ಊದಿದ ಮೊಣಕಾಲಿನವರಿಗೆ ಭಾರ ಎತ್ತಿಸಿ, ಅವರು ನೋವಿನಿಂದ ವ್ಯಾಯಾಮವನ್ನೇ ಬಿಟ್ಟುಬಿಡುವುದು ಅಪರೂಪವೇನೂ ಅಲ್ಲ.

ಸಾಧನಗಳ ಈ ಸಂಗಮ ಹಳೆಯ ನಂಬಿಕೆಗಳನ್ನೂ ತಿದ್ದಿದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಗ್ಗಿ ಕುಗ್ಗಿ ನಮ್ಮನ್ನು ಮುಂದಕ್ಕೆ ತಳ್ಳುತ್ತದೆಂದು ಯಾರಾದರೂ ಊಹಿಸಬಹುದು. ಫುಕುನಾಗ ಮತ್ತು ಸಂಗಡಿಗರು ನಡೆಯುತ್ತಿರುವ ಮನುಷ್ಯರ ಮೀನಖಂಡವನ್ನು ಅಲ್ಟ್ರಾಸೌಂಡ್‌ನಿಂದ ನೋಡಿ 2001ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಪಾದ ನೆಲದ ಮೇಲೆ ಊರಿರುವ ಕಾಲದ ಬಹುಭಾಗ ಸ್ನಾಯುವಿನ ಎಳೆಗಳ ಉದ್ದ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ. ಹಿಗ್ಗಿ ಮತ್ತೆ ಚಿಮ್ಮುವುದು ಹಿಮ್ಮಡಿಗೆ ಅಂಟಿರುವ ಸ್ನಾಯುರಜ್ಜು. ಸ್ನಾಯು ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ, ಹುರಿ ಬಿಲ್ಲಿನ ಹೆದೆಯಂತೆ ಶಕ್ತಿಯನ್ನು ಕೂಡಿಟ್ಟು ಬಿಡುತ್ತದೆ. ಮೈಲಿಗಟ್ಟಲೆ ನಡೆದು ಜಾತ್ರೆಗೆ ಬರುವವರ ಕಾಲುಗಳು ಅಷ್ಟು ಬೇಗ ದಣಿಯದಿರುವುದರಲ್ಲಿ ಈ ಮಿತವ್ಯಯದ ಪಾಲೂ ಇದೆ. ವಿದ್ಯುತ್ ಸಂಕೇತವನ್ನಷ್ಟೇ ನೋಡಿದ್ದರೆ ಸ್ನಾಯು ದುಡಿಯುತ್ತಿದೆ ಎಂದಷ್ಟೇ ತಿಳಿಯುತ್ತಿತ್ತು. ಹೇಗೆ ದುಡಿಯುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ.

ಮತ್ತೆ ನಮ್ಮ ಹಿರಿಯರ ವಿಷಯಕ್ಕೆ ಬರೋಣ. ವಯಸ್ಸಿನೊಂದಿಗೆ ಸ್ನಾಯು ಕ್ಷಯಿಸುವುದಕ್ಕೆ ಅಮೆರಿಕದ ಅರ್ವಿನ್ ರೋಸನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಸಾರ್ಕೊಪೀನಿಯಾ ಎಂಬ ಹೆಸರಿಟ್ಟರು. ಅಂದು ಗಮನವೆಲ್ಲ ಸ್ನಾಯುವಿನ ಪ್ರಮಾಣದ ಮೇಲಿತ್ತು. ಆದರೆ ಅಮೆರಿಕದಲ್ಲಿ ಎಪ್ಪತ್ತು ದಾಟಿದ ವೃದ್ಧರನ್ನು ವರ್ಷಗಳ ಕಾಲ ಗಮನಿಸಿದಾಗ, ಕಾಲಿನ ಸ್ನಾಯು ಕರಗುವುದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಕಾಲಿನ ಬಲ ಕುಂದುವುದು ಕಂಡಿತು. ಅಂದರೆ ಉಳಿದಿರುವ ಸ್ನಾಯುವಿನ ಗುಣವೂ, ಅದಕ್ಕೆ ಬರುವ ಆಜ್ಞೆಯೂ ಕುಂದುತ್ತಿವೆ. ಇದರ ಮತ್ತೊಂದು ಮುಖವನ್ನು ಬೋಸ್ಟನ್ನಿನಲ್ಲಿ 1990ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ತೋರಿಸಿತು. ತೊಂಬತ್ತರ ಆಸುಪಾಸಿನ ಹತ್ತು ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಲಾಯಿತು. ಪೂರ್ಣಗೊಳಿಸಿದ ಒಂಬತ್ತು ಮಂದಿಯಲ್ಲಿ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಸಿ.ಟಿ. ಸ್ಕ್ಯಾನ್‌ನಲ್ಲಿ ತೊಡೆಯ ಸ್ನಾಯುವಿನ ವಿಸ್ತಾರ ಹೆಚ್ಚಿದ್ದು ಶೇ. 9ರಷ್ಟು ಮಾತ್ರ. ಚಿತ್ರವನ್ನಷ್ಟೇ ನೋಡಿದ ವೈದ್ಯರು "ಹೇಳಿಕೊಳ್ಳುವಂತಹ ಪ್ರಯೋಜನವಾಗಿಲ್ಲ" ಎನ್ನುತ್ತಿದ್ದರೋ ಏನೋ! ವ್ಯಾಯಾಮದ ಮೊದಲ ವಾರಗಳಲ್ಲಿ ಸುಧಾರಿಸುವುದು ಮುಖ್ಯವಾಗಿ ನರದ ಆಜ್ಞೆ, ಸ್ನಾಯುವಿನ ಗಾತ್ರ ಬೆಳೆಯುವುದು ಅನಂತರ. ಆದುದರಿಂದ ಒಂದೆರಡು ತಿಂಗಳಲ್ಲಿ ಕಾಲು ದಪ್ಪವಾಗಲಿಲ್ಲವೆಂದು ಯಾರೂ ವ್ಯಾಯಾಮವನ್ನು ಬಿಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಮೊಣಕಾಲು ನೋಯುವ ಪ್ರತಿಯೊಬ್ಬರೂ ನಾಳೆಯೇ ಈ ಪರೀಕ್ಷೆಗೆ ಹೋಗಬೇಕೆಂದು ನಾವು ಹೇಳುವುದಿಲ್ಲ. ನಾಲ್ಕೂ ಸಾಧನಗಳನ್ನು ಒಂದೇ ಗಡಿಯಾರಕ್ಕೆ ಹೊಂದಿಸುವ ವ್ಯವಸ್ಥೆ ಇಂದಿಗೂ ಹೆಚ್ಚಾಗಿ ಸಂಶೋಧನಾಲಯಗಳಲ್ಲಿದೆ. ಅಲ್ಟ್ರಾಸೌಂಡ್‌ನ ಅಳತೆ ಹಿಡಿದ ಕೈಯನ್ನು ಬಹಳ ಅವಲಂಬಿಸುತ್ತದೆ. ಶೋಧಕವನ್ನು ತುಸು ಒತ್ತಿದರೆ ಸ್ನಾಯು ಚಪ್ಪಟೆಯಾಗಿ ತೆಳ್ಳಗೆ ಕಾಣುತ್ತದೆ, ತುಸು ಓರೆಯಾಗಿ ಹಿಡಿದರೆ ಬಿಳುಪು ಬದಲಾಗುತ್ತದೆ. ಒಂದು ಯಂತ್ರದ ಬಿಳುಪನ್ನು ಮತ್ತೊಂದರ ಬಿಳುಪಿಗೆ ನೇರವಾಗಿ ಹೋಲಿಸಲಾಗದು. ನಮ್ಮ ದೇಶದಲ್ಲಿ ಮತ್ತೊಂದು ಸಂಗತಿಯೂ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಂತೆ ಅಲ್ಟ್ರಾಸೌಂಡ್ ಯಂತ್ರವಿರುವ ಸ್ಥಳಕ್ಕೆ ನೋಂದಣಿ ಕಡ್ಡಾಯ, ಅದನ್ನು ತೊಡೆಯ ಸ್ನಾಯು ನೋಡಲೆಂದೇ ಇಟ್ಟುಕೊಂಡಿದ್ದರೂ ಸರಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಬಂದಿದ್ದರೂ ಅವುಗಳನ್ನು ಊರೂರಿಗೆ ಒಯ್ದು ವೃದ್ಧರನ್ನು ಪರೀಕ್ಷಿಸುವುದು ಸುಲಭವಲ್ಲ. ಹೆಣ್ಣುಶಿಶುಗಳ ರಕ್ಷಣೆಗಾಗಿ ಬಂದ ಈ ಕಟ್ಟುನಿಟ್ಟು ಅಗತ್ಯವಾದದ್ದೇ ಎಂಬುದು ನಮ್ಮ ಅಭಿಪ್ರಾಯ, ಅದರಿಂದ ಇಂತಹ ಅನನುಕೂಲವಿದ್ದರೂ.

ಹೀಗಿದ್ದರೂ ಸಾಮಾನ್ಯ ರೋಗಿ ಕೇಳಬಹುದಾದ ಪ್ರಶ್ನೆಗಳುಂಟು. ನರದ ತೊಂದರೆಯ ಅನುಮಾನವಿದ್ದರೆ ಇ.ಎಂ.ಜಿ. ಪರೀಕ್ಷೆ ದೊಡ್ಡ ಆಸ್ಪತ್ರೆಗಳ ನರರೋಗ ವಿಭಾಗಗಳಲ್ಲಿ ಲಭ್ಯ. ಮೊಣಕಾಲು ಅಥವಾ ಭುಜಕ್ಕೆ ಸ್ಕ್ಯಾನಿಂಗ್ ಮಾಡಿಸುವಾಗ, ಸುತ್ತಲಿನ ಸ್ನಾಯು ಹೇಗಿದೆ ಎಂಬುದನ್ನೂ ವರದಿಯಲ್ಲಿ ಬರೆಯುವಂತೆ ವಿನಂತಿಸಬಹುದು. ಎಡಕಾಲಿನ ಅಳತೆಯನ್ನು ಬಲಗಾಲಿನ ಅಳತೆಯೊಂದಿಗೆ ಹೋಲಿಸುವಂತೆ ಕೇಳಬಹುದು. ಅದೇ ಯಂತ್ರದಲ್ಲಿ, ಅದೇ ಭಂಗಿಯಲ್ಲಿ ತೆಗೆದ ಎರಡು ಕಾಲುಗಳ ಹೋಲಿಕೆ ಹೆಚ್ಚು ನಂಬಲರ್ಹ. ಎರಡೂ ಕಾಲುಗಳು ಒಟ್ಟಿಗೆ ಸೊರಗಿದ್ದರೆ ಮಾತ್ರ ಈ ಹೋಲಿಕೆ ಸಹಾಯಕ್ಕೆ ಬಾರದು.

ಯಾವ ಯಂತ್ರವೂ ಇಲ್ಲದೆ ಮನೆಯಲ್ಲಿಯೇ ಮಾಡಬಹುದಾದ ಅಳತೆಗಳೂ ಇವೆ. ಏಷ್ಯಾದ ತಜ್ಞರ ತಂಡ 2019ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಮೀನಖಂಡದ ಅತಿ ದಪ್ಪನೆಯ ಭಾಗದ ಸುತ್ತಳತೆ ಪುರುಷರಲ್ಲಿ 34, ಸ್ತ್ರೀಯರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಹೆಚ್ಚಿನ ತಪಾಸಣೆ ಬೇಕು. ಹಿಡಿತದ ಬಲ ಪುರುಷರಲ್ಲಿ 28, ಸ್ತ್ರೀಯರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೂ ಹಾಗೆಯೇ, ಆದರೆ ಅದಕ್ಕೆ ಬಲಮಾಪಕ ಬೇಕಾಗುತ್ತದೆ. ಎಲ್ಲಕ್ಕಿಂತ ಸುಲಭವಾದುದು ಕುರ್ಚಿಯ ಪರೀಕ್ಷೆ. ಕೈಯಿಲ್ಲದ ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇರಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಪೂರ್ಣವಾಗಿ ಎದ್ದು ನಿಂತು ಕುಳಿತುಕೊಳ್ಳುವುದನ್ನು ಐದು ಬಾರಿ ಸಾಧ್ಯವಾದಷ್ಟು ಬೇಗ ಮಾಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಬೇಕು. ಕೈ ಊರದೆ ಒಮ್ಮೆಯೂ ಏಳಲಾಗದವರು ಪ್ರಯತ್ನವನ್ನು ನಿಲ್ಲಿಸಿ ಅದನ್ನೇ ತಿಳಿಸಿದರೆ ಸಾಕು. ಹಿಡಿದ ಕಾಲವನ್ನು ಗೋಡೆಯ ಪಂಚಾಂಗದಲ್ಲಿ ಆ ದಿನದ ಚೌಕದೊಳಗೆ ಬರೆದಿಟ್ಟು, ಮುಂದಿನ ತಿಂಗಳು ಅದೇ ಕುರ್ಚಿಯಲ್ಲಿ ಮತ್ತೊಮ್ಮೆ ಮಾಡಿ ನೋಡಬೇಕು. ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.